ಉದ್ದ ತೋಳಿನ ಅಂಗಿ

"ಗುರುಗಳೇ, ದುಃಖ ಬರುತ್ತದೆ ಎಂದು ಮೊದಲೇ ಗೊತ್ತಾದರೆ, ಮನಸ್ಸನ್ನು ಈಗಿನಿಂದಲೇ ದೂರ ಇಟ್ಟುಕೊಳ್ಳುವುದು ಜಾಣತನವಲ್ಲವೇ?" ಎಂದು ಮರುಳಸಿದ್ಧ ಕೇಳಿದ.

ಅವನ ತಂಗಿಗೆ ಕಾಯಿಲೆಯಾಗಿತ್ತು. ಅವಳು ಉಳಿಯುವುದು ಕಷ್ಟ ಎಂದು ವೈದ್ಯರು ಹೇಳಿದ್ದರು. ಅಣ್ಣನನ್ನು ನೋಡಬೇಕು ಅನ್ನುತ್ತಿದ್ದಾಳೆ ಎಂದು ಊರಿನಿಂದ ಫೋನು ಬಂದಿತ್ತು. ಮರುಳಸಿದ್ಧ ಹೊರಟಿರಲಿಲ್ಲ. ಮಠದ ಅಡುಗೆಮನೆಯಲ್ಲಿ ಗುರುಗಳ ಎದುರು ಕೂತು ಅವರೆಕಾಯಿ ಸುಲಿಯುತ್ತಿದ್ದ.

ಗುರುಗಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಜಾಣರ ಪ್ರಶ್ನೆ ಕೇಳಿದೆ. ಜಾಣರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಭಯ. ಒಬ್ಬ ದರ್ಜಿಯ ಕತೆ ಹೇಳುತ್ತೇನೆ, ಕೇಳು," ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಎಳೆಗೂಸುಗಳ ಬಟ್ಟೆ ಹೊಲಿಯುವುದರಲ್ಲಿ ಅವನದು ಎತ್ತಿದ ಕೈ. ಮೈಗೆ ಒತ್ತಬಾರದೆಂದು ಹೊಲಿಗೆಯ ಅಂಚನ್ನು ಹೊರಗಡೆಗೆ ಬಿಡುತ್ತಿದ್ದ. ಗುಂಡಿಯ ಬದಲು ಲಾಡಿ ಇಡುತ್ತಿದ್ದ. ಹೊಲಿದಾದ ಮೇಲೆ ತೋಳನ್ನು ಮಗುಚಿ ನೋಡಿ, ಒಳಗೆ ಉಳಿದ ನೂಲಿನ ತುದಿಗಳನ್ನೆಲ್ಲ ಕತ್ತರಿಸಿ ತೆಗೆಯುತ್ತಿದ್ದ. ಕೂಸಿನ ಬೆರಳಿಗೆ ನೂಲು ಸುತ್ತಿಕೊಂಡರೆ ಹೇಳುವುದಕ್ಕೆ ಅದಕ್ಕೆ ಮಾತು ಬರುವುದಿಲ್ಲವಲ್ಲ.

ಯಾವ ಬಸುರಿಯ ಗಂಡನಾದರೂ ಆತುರಪಟ್ಟು ಹೆರಿಗೆಗೆ ಮುಂಚೆಯೇ ಬಟ್ಟೆ ಹೊಲಿಸಲು ಬಂದರೆ ಅವನು ನಕ್ಕು ವಾಪಸು ಕಳಿಸುತ್ತಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ಊರಿನವರು ಗಾದೆ ಹೇಳಿ ನಗುತ್ತಾರೆ. ಅವನ ಅಂಗಡಿಯಲ್ಲಿ ಆ ಗಾದೆಯೇ ಕಾನೂನು. ಹೊಸ ಬಟ್ಟೆ ಏನಿದ್ದರೂ ನಾಮಕರಣದ ದಿನ. ಅಲ್ಲಿಯವರೆಗೆ ಅಜ್ಜಿಯ ಹಳೆಯ ಸೀರೆ ಹರಿದು ಕೂಸಿಗೆ ಸುತ್ತುವುದು ಆ ಕಡೆಯ ರೂಢಿ.

ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವನ ಹೆಂಡತಿ ಬಸುರಿಯಾದಳು. ಪೇಟೆಯ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿಸಿದರು. ಪರದೆಯ ಮೇಲೆ ಕೂಸಿನ ಕೈ ಕಾಣಿಸಿತು. ಡಾಕ್ಟರಮ್ಮ ಮೊಣಕೈಯ ಬಳಿ ಒಂದು ಗುರುತು, ಮಣಿಕಟ್ಟಿನ ಬಳಿ ಒಂದು ಗುರುತು ಇಟ್ಟು, ನಡುವಿನ ಎಲುಬನ್ನು ಅಳೆದರು. ಇನ್ನೊಂದು ಸಲ ಅಳೆದರು. ಆಮೇಲೆ ಎದೆಗೂಡನ್ನು ಅಳೆದರು. ಅಳೆದದ್ದನ್ನೇ ಮತ್ತೆ ಅಳೆಯುವುದು ಯಾವಾಗ ಎಂದು ದರ್ಜಿಗೆ ಗೊತ್ತಿತ್ತು. ಅವನಿಗೆ ಅಲ್ಲೇ ಹೆದರಿಕೆಯಾಯಿತು.

"ಮುಂಗೈ ಎಲುಬು ತಿಂಗಳಿಗೆ ತಕ್ಕ ಹಾಗೆ ಬೆಳೆದಿಲ್ಲ," ಎಂದರು ಡಾಕ್ಟರಮ್ಮ. "ಕೈ ಗಿಡ್ಡ ಆದರೆ ಅದೇನು ದೊಡ್ಡ ಮಾತಲ್ಲ. ಎಷ್ಟೋ ಜನ ಚೆನ್ನಾಗೇ ಬದುಕ್ತಾರೆ. ಆದರೆ ಎದೆಗೂಡೂ ಚಿಕ್ಕದಿದೆ. ಹೀಗೇ ಉಳಿದರೆ ಹುಟ್ಟಿದ ಮೇಲೆ ಉಸಿರಾಡೋಕೆ ಜಾಗ ಸಾಲದು. ನಿಮಗೆ ಸುಳ್ಳು ಹೇಳಲ್ಲ, ಉಳಿಯೋದು ಕಷ್ಟ. ಮುಂದಿನ ತಿಂಗಳು ಬನ್ನಿ, ಮತ್ತೆ ನೋಡೋಣ."

ದರ್ಜಿ ಎಲ್ಲವನ್ನೂ ಕೇಳಿಸಿಕೊಂಡ. ಮನೆಗೆ ತಂದದ್ದು ಕೈಯ ಅಳತೆಯನ್ನು ಮಾತ್ರ. ಎದೆಗೂಡಿಗೆ ಅವನೇನು ಮಾಡಬಲ್ಲ? ಕೈಯಾದರೆ ತೋಳು ಹೊಲಿದು ಮುಚ್ಚಬಹುದು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಅಂಚಿನಿಂದ ಆ ಎಲುಬಿನಷ್ಟು ದೂರ ಅಳೆದು, ಸೀಮೆಸುಣ್ಣದಿಂದ ಒಂದು ಗೀಟು ಎಳೆದ. ಮುಂದಿನ ತಿಂಗಳು ಅದರಾಚೆಗೆ ಇನ್ನೊಂದು ಗೀಟು. ಅದರ ಮುಂದಿನ ತಿಂಗಳು ಮತ್ತೊಂದು. ಗೀಟುಗಳು ಮುಂದೆ ಹೋಗುವ ಬದಲು ಒಂದಕ್ಕೊಂದು ಅಂಟಿಕೊಳ್ಳತೊಡಗಿದವು. ಆಸ್ಪತ್ರೆಗೆ ಹೋದಾಗಲೆಲ್ಲ ಅವನು ಕೇಳುತ್ತಿದ್ದದ್ದು ಒಂದೇ, ಕೈ ಎಷ್ಟು ಬೆಳೆದಿದೆ ಎಂದು. ಹೆಂಡತಿಗೆ ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ ಎಂದು ಡಾಕ್ಟರಮ್ಮನೇ ಕೇಳಬೇಕಾಗುತ್ತಿತ್ತು.

ಪಾಪ, ಅವನು ಕೆಟ್ಟವನಲ್ಲ. ಆಸೆಪಟ್ಟು ಕಳೆದುಕೊಳ್ಳುವುದಕ್ಕಿಂತ ಆಸೆಯನ್ನೇ ಪಡದಿರುವುದು ಮೇಲು ಎಂದುಕೊಂಡ. ಅವನೂ ಜಾಣನೇ, ನಿನ್ನ ಹಾಗೆ.

ಒಂದು ಸಂಜೆ ಹೆಂಡತಿ ಮೇಜಿನ ಬಳಿ ಬಂದು ನಿಂತಳು. "ಒಳಗೆ ಕೈ ಆಡಿಸ್ತಾ ಇದೆ. ಇಲ್ಲಿ ಮುಟ್ಟಿ ನೋಡಿ," ಎಂದಳು.

"ಕತ್ತರಿ ಹಿಡಿದಿದ್ದೀನಿ," ಎಂದ ದರ್ಜಿ.

ಕತ್ತರಿಯನ್ನು ಕೆಳಗಿಡಬಹುದಿತ್ತು. ಅವನು ಇಡಲಿಲ್ಲ. ಅವಳು ಒಳಗೆ ಹೋದಳು.

ಆ ವಾರ ಅವನು ತನ್ನ ಕಾನೂನನ್ನು ತಾನೇ ಮುರಿದ. ಕೂಸು ಹುಟ್ಟುವ ಮುಂಚೆಯೇ ಅಂಗಿ ಹೊಲಿದ. ತೋಳನ್ನು ಮೇಜಿನ ಮೇಲಿನ ಗೀಟಿಗೆ ಹೊಲಿಯಲಿಲ್ಲ, ಕೈ ಎಷ್ಟು ಬೆಳೆಯಬೇಕಾಗಿತ್ತೋ ಅದಕ್ಕಿಂತ ಒಂದು ಬೆರಳು ಹೆಚ್ಚೇ ಇರಲಿ ಎಂದು ಹೊಲಿದ. ನೋಡಿದವರು ಏನಾದರೂ ಅಂದಾರು ಎಂದು ಹೆಂಡತಿಗೆ ಕಾರಣ ಹೇಳಿದ. ನಿಜವಾಗಿ ಆ ಕೈಯನ್ನು ನೋಡಲಾರದವನು ಅವನೇ. ಮನಸ್ಸು ನೆಟ್ಟಗಿರಲಿಲ್ಲ, ತೋಳನ್ನು ಮಗುಚಿ ನೂಲು ಕತ್ತರಿಸುವುದನ್ನೂ ಮರೆತ.

ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಲ್ಲಿ ಮಾಡಬಹುದಾದದ್ದನ್ನೆಲ್ಲ ಮಾಡಿದರು. ಕೊನೆಗೆ ಡಾಕ್ಟರಮ್ಮ, ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ, ಇರುವಷ್ಟು ದಿನ ಎತ್ತಿಕೊಂಡಿರಿ ಎಂದು ಹೇಳಿ ಕಳಿಸಿದರು. ಹೆಂಡತಿ ತನ್ನ ತಾಯಿಯ ಹಳೆಯ ಸೀರೆಯನ್ನು ತೆಗೆದಿಟ್ಟಿದ್ದಳು. ಗಂಡ ಅಂಗಿಯನ್ನು ಮುಂದಿಟ್ಟ. ಆ ದಿನಗಳಲ್ಲಿ ಜಗಳವಾಡುವ ಶಕ್ತಿ ಯಾರಿಗಿರುತ್ತದೆ? ಅವಳು ಅಂಗಿಯನ್ನೇ ತೊಡಿಸಿದಳು. ಕೂಸಿನ ಕೈಗಳು ತೋಳಿನೊಳಗೆ ಎಲ್ಲೋ ಉಳಿದುಬಿಟ್ಟವು.

ಹಾಲೂಡಿಸುವಾಗ ತಾಯಿ ತೋಳನ್ನು ಮಡಿಸಿ ಮೇಲೇರಿಸುತ್ತಿದ್ದಳು. ಕೂಸಿನ ಅಂಗೈಗೆ ತನ್ನ ಬೆರಳು ಕೊಡುತ್ತಿದ್ದಳು. ಅದು ಹಿಡಿದುಕೊಳ್ಳುತ್ತಿತ್ತು. "ಎಷ್ಟು ಗಟ್ಟಿ ಹಿಡೀತಾಳೆ ಗೊತ್ತಾ? ಒಂದು ಬೆರಳು ಕೊಡಿ, ಸಾಕು," ಎಂದು ಗಂಡನಿಗೆ ಹೇಳುತ್ತಿದ್ದಳು. ಆಗೆಲ್ಲ ಅವನಿಗೆ ಅಂಗಡಿಯಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು. ಅವಳು ತೊಟ್ಟಿಲಲ್ಲಿ ಮಲಗಿಸಿ ಹೋದ ಮೇಲೆ ಅವನು ಮೆಲ್ಲನೆ ಬಂದು, ಮಡಿಸಿದ ತೋಳನ್ನು ಬಟ್ಟೆಯ ತುದಿಯಲ್ಲಿ ಹಿಡಿದು ಕೆಳಗೆ ಎಳೆದು ಬಿಡುತ್ತಿದ್ದ. ಕೈಗೆ ಕೈ ತಾಗದ ಹಾಗೆ ಎಳೆಯುತ್ತಿದ್ದ.

ಒಂದು ಮಧ್ಯಾಹ್ನ ತಾಯಿಗೆ ಜ್ವರ ಬಂದಿತ್ತು. ಸ್ವಲ್ಪ ಮಲಗುತ್ತೇನೆ, ನೋಡಿಕೊಳ್ಳಿ ಎಂದು ಹೇಳಿ ತೊಟ್ಟಿಲನ್ನು ಹೊಲಿಗೆ ಯಂತ್ರದ ಪಕ್ಕಕ್ಕೆ ಇಡಿಸಿದಳು. ಅವನು ಯಂತ್ರ ತುಳಿಯುತ್ತ ಕೂತ. ಕೂಸು ಅಳಲಿಲ್ಲ. ಅಳುವುದಕ್ಕೂ ಉಸಿರು ಬೇಕಲ್ಲ. ತಾಯಿ ಎದ್ದು ಬಂದು ನೋಡುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಕೊನೆಯ ಸ್ನಾನಕ್ಕೆ ತಾಯಿಯೇ ಅಂಗಿ ಬಿಚ್ಚಿದಳು. ಒಂದು ತೋಳು ಸಲೀಸಾಗಿ ಬಂತು. ಇನ್ನೊಂದು ಬರಲಿಲ್ಲ, ಒಳಗಿನಿಂದ ಯಾರೋ ಹಿಡಿದಂತಿತ್ತು. ಅವಳು ತೋಳನ್ನು ಮೆಲ್ಲನೆ ಮಗುಚಿದಳು. ದರ್ಜಿ ಬಾಗಿಲ ಬಳಿ ನಿಂತು ನೋಡುತ್ತಿದ್ದ. ಅವನು ಕತ್ತರಿಸದೆ ಬಿಟ್ಟಿದ್ದ ನೂಲಿನ ತುದಿ ಕೂಸಿನ ಮುಷ್ಟಿಯೊಳಗಿತ್ತು. ಹೊಲಿಗೆ ಸ್ವಲ್ಪ ಬಿಚ್ಚಿಕೊಳ್ಳುವಷ್ಟು ಗಟ್ಟಿಯಾಗಿ ಹಿಡಿದಿತ್ತು.

ತಾಯಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ತನ್ನ ತಾಯಿಯ ಸೀರೆಯನ್ನು ಸುತ್ತಿದಳು. ಕೂಸನ್ನು ಮಣ್ಣಿಗೆ ಕೊಡಲು ತಂದೆಯೇ ಎತ್ತಿಕೊಂಡು ಹೋಗಬೇಕು ಎಂಬುದು ಅವರ ಪದ್ಧತಿ. ದರ್ಜಿ ಎತ್ತಿಕೊಂಡ. ಮಗಳನ್ನು ಅವನು ಎತ್ತಿಕೊಂಡದ್ದು ಅದೇ ಮೊದಲು.

ಗುರುಗಳು ಕತೆ ನಿಲ್ಲಿಸಿ, ಸುಲಿದ ಕಾಳುಗಳನ್ನು ಪಾತ್ರೆಗೆ ಸುರಿದರು. ಮರುಳಸಿದ್ಧನ ಕೈಯಲ್ಲಿ ಒಂದು ಕಾಯಿ ಬಹಳ ಹೊತ್ತಿನಿಂದ ಹಾಗೇ ಇತ್ತು.

"ಅಷ್ಟು ದಿನ ದೂರ ಇದ್ದುದರಿಂದ ಅವನಿಗೆ ದುಃಖ ಕಡಿಮೆಯಾಯಿತೇ?" ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ.

"ಆಕೆ ಇಂದಿಗೂ ಮಗಳನ್ನು ನೆನೆದು ಅಳುತ್ತಾಳೆ. ಅವನೂ ಅಳುತ್ತಾನೆ, ಆದರೆ ಅವನಿಗೆ ನೆನೆಯುವುದಕ್ಕೆ ಅಳತೆಯೊಂದೇ ಇದೆ," ಎಂದರು ಗುರುಗಳು.

ಮರುಳಸಿದ್ಧ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು, ಊರಿಗೆ ಹೊರಡಲು ಎದ್ದ.