ಅಣಬೆ ಬಿಚ್ಚದೆ ಉಳಿಸಿದ ನೀಲಿ

ಲೋಕ ಆಗ ಇನ್ನೂ ಹಸಿಯಾಗಿತ್ತು, ತಿಗರಿಯಿಂದ ಆಗತಾನೆ ಇಳಿಸಿದ ಗಡಿಗೆಯ ಹಾಗೆ. ಬೆರಳಿಟ್ಟರೆ ಗುರುತು ಮೂಡುತ್ತಿತ್ತು. ಗಾಳಿಗೆ ಮಾತು ಬರುತ್ತಿತ್ತು, ಹಳ್ಳಕ್ಕೆ ಮಾತು ಬರುತ್ತಿತ್ತು. ಕಪ್ಪೆಗಂತೂ ಮಾತು ನಿಲ್ಲಿಸುವುದೇ ಬರುತ್ತಿರಲಿಲ್ಲ. ಅದು ಈಗಲೂ ಹಾಗೇ, ಬಿಡು.

ಆ ಕಾಲದಲ್ಲಿ ಬಣ್ಣಕ್ಕೆ ಮಾಸುವುದು ಗೊತ್ತಿರಲಿಲ್ಲ. ಹತ್ತಿದರೆ ಹತ್ತಿತು. ಬಿಸಿಲಿಗೆ ಹಿಡಿ, ಮಳೆಗೆ ಹಿಡಿ, ಕಲ್ಲಿಗೆ ಬಡಿ, ಹೋಗುತ್ತಿರಲಿಲ್ಲ.

ಅಣಬೆಗೂ ಆಗ ಬಣ್ಣವಿತ್ತು. ದಾಸವಾಳ ನಾಚಬೇಕು, ಅಂಥ ಕೆಂಪು. ಹಳ್ಳದ ದಂಡೆಯಲ್ಲಿ ಬಿದ್ದಿದ್ದ ಮತ್ತಿ ಮರದ ಮೇಲೆ ಕೂತು ಅವಳು ವರ್ಷಗಟ್ಟಲೆ ಬಾಳಿದ್ದಳು. ಅವಳ ಕೆಲಸ ಒಂದೇ. ಸತ್ತ ಮರದೊಳಗೆ ನೂಲಿನಂಥ ಕೈಗಳನ್ನು ಇಳಿಸುವುದು, ಬಾಯಿನೀರು ಹಚ್ಚುವುದು, ಮರದ ಗಂಟು ಬಿಚ್ಚುವುದು. ಕಲ್ಲಿನಂಥ ಮರವೂ ಅವಳ ಬಾಯಿನೀರು ತಾಗಿದರೆ ಮೆತ್ತಗಾಗಿ ಮಣ್ಣಿಗೆ ಮರಳುತ್ತಿತ್ತು.

“ಏನೇ ಎಂಜಲವ್ವಾ, ಇವತ್ತು ಯಾರನ್ನು ಚೀಪುತ್ತಿದ್ದೀ?” ಎಂದು ಕಾಗೆ ಕೆಣಕುತ್ತಿತ್ತು.

“ನಿನ್ನನ್ನಲ್ಲ. ನಿನ್ನ ಸರದಿ ಇನ್ನೂ ಬಂದಿಲ್ಲ” ಎನ್ನುತ್ತಿದ್ದಳು ಅಣಬೆ.

ಅದೇ ದಂಡೆಯ ಮೇಲೆ ಸಂಕವ್ವ ಎಂಬ ಬಣ್ಣಗಾರ್ತಿಯ ಮನೆ. ಅವಳಿಗೆ ಒಬ್ಬಳೇ ಮಗಳು, ನಿಂಬೆವ್ವ. ನಿಂಬಿ ಎಂದೇ ಎಲ್ಲರೂ ಕರೆಯುತ್ತಿದ್ದರು. ಅವರ ಅಂಗಳದಲ್ಲಿ ಆಳೆತ್ತರದ ಏಳು ಮಣ್ಣಿನ ಹರವಿಗಳು. ನೀಲಿ ಗಿಡದ ಸೊಪ್ಪು ಕೊಳೆಹಾಕಿ, ಸುಣ್ಣ ಬೆರೆಸಿ, ಅವುಗಳಲ್ಲಿ ನೀಲಿ ಬಣ್ಣ ಎಬ್ಬಿಸುತ್ತಿದ್ದರು. ಹರವಿಯ ತಳದಲ್ಲಿ ಉಳಿದ ಗಸಿಯನ್ನು ಎಂದೂ ಚೆಲ್ಲುವ ಹಾಗಿಲ್ಲ. ಮೊಸರಿಗೆ ಹೆಪ್ಪು ಇದ್ದ ಹಾಗೆ, ಮುಂದಿನ ಬಣ್ಣಕ್ಕೆ ಅದೇ ಹೆಪ್ಪು. ಅದು ಹೋದರೆ ನೀಲಿಯೇ ಹೋಯಿತು.

ಹರವಿ ನೋಡಿಕೊಳ್ಳುವವಳು ನಿಂಬಿ. ದಿನಾ ಬೆಳಿಗ್ಗೆ ಮೊಣಕೈವರೆಗೆ ಕೈ ಇಳಿಸಿ ಕಲಕುತ್ತಿದ್ದಳು. ಹರವಿಗೆ ಕಿವಿಯಿಟ್ಟು, “ಎದ್ದಿತವ್ವಾ!” ಎಂದು ಕೂಗುತ್ತಿದ್ದಳು. ಕಲಕಿ ಕಲಕಿ ಅವಳ ಕೈ ನೀಲಿಯಾಗಿಬಿಟ್ಟಿತ್ತು.

“ಈ ಕೈ ನೋಡಿ ನಿನ್ನನ್ನು ಯಾರೇ ಮದುವೆಯಾಗುತ್ತಾರೆ?” ಎನ್ನುತ್ತಿದ್ದಳು ಸಂಕವ್ವ.

“ಆಕಾಶ ಆಗುತ್ತಾನೆ ಬಿಡವ್ವಾ. ಅವನೂ ನಮ್ಮ ಬಣ್ಣದವನೇ.”

ಒಂದು ಸಲ ನಿಂಬಿಗೆ ಜ್ವರ ಬಂತು. ಒಂದು ದಿನ, ಎರಡು ದಿನ, ಮೂರು ದಿನ. ಮೂರನೆಯ ದಿನ ಹರವಿ ಎದ್ದಿತು, ನಿಂಬಿ ಏಳಲಿಲ್ಲ. ಅವಳು ನೀಲಿಯಲ್ಲಿ ಅದ್ದಬೇಕೆಂದಿದ್ದ ಬಿಳಿ ಸೀರೆ ಅಂಗಳದ ಹಗ್ಗದ ಮೇಲೆ ಹಾಗೇ ಉಳಿಯಿತು.

ಸಂಕವ್ವ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಓಣಿಯ ಹೆಂಗಸರು ಬಂದರು. ಸಾವಾದ ಮನೆಯಲ್ಲಿ ಹಳೆಯ ನೀರು ಇರಬಾರದು ಎಂದು ಆ ಓಣಿಯ ಕಟ್ಟಳೆ. ಇದ್ದ ನೀರನ್ನೆಲ್ಲ ಚೆಲ್ಲಿ ಹೊಸ ನೀರು ತುಂಬಬೇಕು.

“ಕೊಡ ಚೆಲ್ಲಿದಿರೇನ್ರೇ?” ಎಂದು ಕೇಳಿದಳು ಎಲ್ಲರಿಗಿಂತ ಹಿರಿಯಳಾದ ದ್ಯಾಮಕ್ಕ.

“ಚೆಲ್ಲಿದೆವು.”

“ಹಂಡೆ?”

“ಅದನ್ನೂ.”

“ಹರವಿ?”

“ಅಯ್ಯೋ ಅಕ್ಕಾ, ಅದು ಬಣ್ಣ ಅಲ್ಲವೇನು?”

“ಬಣ್ಣವಿದ್ದರೇನು, ಒಳಗಿರುವುದು ನೀರೇ ತಾನೆ? ಮುಂದೆ ಹೋಗಬೇಕಾದ ಹುಡುಗಿ ಅದರಲ್ಲಿ ಮುಖ ನೋಡಿಕೊಳ್ಳುತ್ತಾ ಕೂತುಬಿಟ್ಟರೆ?”

ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಕಣ್ಣು ಒರೆಸಿಕೊಳ್ಳುತ್ತಲೇ ಏಳೂ ಹರವಿ ಬಗ್ಗಿಸಿದರು. ಗಸಿ ಸಮೇತ ಎಲ್ಲಾ ಹಳ್ಳಕ್ಕೆ ಹೋಯಿತು.

ಹಳ್ಳ ಮೊದಲು ನೀಲಿಯಾಯಿತು. ಆಮೇಲೆ ಕಪ್ಪಾಯಿತು. ಬಿಸಿಲು ತಳ ಮುಟ್ಟದಾಯಿತು. ಪಾಚಿ ಸತ್ತಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಕಪ್ಪೆ ಮಾತು ನಿಲ್ಲಿಸಿತು.

“ಗಾಳಿಯಪ್ಪಾ, ಇದನ್ನು ತೆಗೆಯೋ” ಎಂದಿತು ಹಳ್ಳ.

“ನನಗೆ ಹರಡುವುದು ಗೊತ್ತು, ತೆಗೆಯುವುದು ಗೊತ್ತಿಲ್ಲ” ಎಂದಿತು ಗಾಳಿ.

“ಸೂರ್ಯಪ್ಪಾ, ನೀನು?”

“ನಾನು ನೀರನ್ನು ಒಣಗಿಸಬಲ್ಲೆ. ಬಣ್ಣ ಉಳಿಯುತ್ತದೆ, ನೀನು ಉಳಿಯುವುದಿಲ್ಲ.”

ಒಂದು ತಾಯಿಮೀನು ತೇಲುತ್ತಾ ಬಂದು ಮತ್ತಿ ಮರಕ್ಕೆ ತಾಗಿ ನಿಂತಿತು. “ಅಣಬೆವ್ವಾ, ನನ್ನ ಮರಿಗಳು ಕಲ್ಲಿನ ಸಂದಿಯಲ್ಲಿವೆ. ಇನ್ನೂ ಉಸಿರಿದೆ” ಎಂದಿತು. ಅಷ್ಟೇ ಹೇಳಿ ಮಗ್ಗುಲಿಗೆ ಹೊರಳಿ ಪ್ರಾಣ ಬಿಟ್ಟಿತು.

ಅಣಬೆ ಒಂದು ನೂಲು ಕೈಯನ್ನು ನೀರಿಗೆ ಇಳಿಸಿ ನೋಡಿದಳು. “ಈ ಗಂಟು ನನಗೆ ಗೊತ್ತು. ಮರಕ್ಕೆ ಗಂಟು ಹಾಕಿದ ಕೈಯೇ ಇದನ್ನೂ ಹಾಕಿದೆ” ಎಂದಳು.

ಅಷ್ಟರಲ್ಲಿ ಸಂಕವ್ವ ಬಿಂದಿಗೆ ಹಿಡಿದು ಓಡಿ ಬಂದಳು. ಹರವಿ ಬರಿದಾದದ್ದು ಅವಳಿಗೆ ಆಗಷ್ಟೇ ತಿಳಿದಿತ್ತು. ಮೊಣಕಾಲೂರಿ ಹಳ್ಳದ ಬಣ್ಣದ ನೀರನ್ನೇ ತುಂಬಿಕೊಂಡಳು. “ಹೆಪ್ಪಿಗೆ ಇಷ್ಟು ಸಾಕು. ನನ್ನ ನಿಂಬಿ ಕಲಕಿದ್ದು” ಎಂದು ಬಿಂದಿಗೆಯನ್ನು ಎದೆಗೆ ಅವುಚಿಕೊಂಡಳು.

“ಅಕ್ಕಾ,” ಎಂದಳು ಅಣಬೆ ಮೆಲ್ಲಗೆ. “ಆ ಬಣ್ಣವೆಲ್ಲ ಒಂದೇ ಎಳೆ. ಇಲ್ಲಿ ತುದಿ ಹಿಡಿದು ಬಿಚ್ಚಿದರೆ ನಿನ್ನ ಬಿಂದಿಗೆಯದೂ ಬಿಚ್ಚುತ್ತದೆ. ನಿಂಬಿಯ ನೀಲಿ ಎಲ್ಲೂ ಉಳಿಯುವುದಿಲ್ಲ. ನೀನು ಹೂಂ ಎಂದರೆ ಮಾತ್ರ ಬಿಚ್ಚುತ್ತೇನೆ.”

“ಆಗುವುದಿಲ್ಲ” ಎಂದಳು ಸಂಕವ್ವ. “ಅವಳದು ಅಂತ ನನಗೆ ಉಳಿದಿರುವುದು ಇದೊಂದೇ.”

ಅಣಬೆ ಮತ್ತೆ ಕೇಳಲಿಲ್ಲ. ಸಂಕವ್ವ ಅಲ್ಲೇ ಕೂತಳು. ಕಲ್ಲಿನ ಸಂದಿಯಿಂದ ಒಂದು ಗುಳ್ಳೆ ಎದ್ದಿತು. ಬಹಳ ಹೊತ್ತಿನ ಮೇಲೆ ಇನ್ನೊಂದು. ಜ್ವರದ ಮೂರನೆಯ ದಿನ ನಿಂಬಿಯ ಉಸಿರೂ ಹೀಗೇ ಒಂದೊಂದಾಗಿ ಬಂದಿತ್ತು. ಆಗ ಸಂಕವ್ವನ ಕೈಯಲ್ಲಿ ಏನೂ ಇರಲಿಲ್ಲ. ಈಗ ಇತ್ತು.

ಅವಳು ಬಿಂದಿಗೆಯನ್ನು ಹಳ್ಳಕ್ಕೆ ಬಗ್ಗಿಸಿದಳು. “ಹೂಂ” ಎಂದಳು. “ಬೇಗ ಬಿಚ್ಚವ್ವಾ. ನಾನು ಮತ್ತೆ ಬೇಡ ಅನ್ನುವುದರೊಳಗೆ ಬಿಚ್ಚಿಬಿಡು.”

ಅಣಬೆ ತನ್ನ ನೂಲು ಕೈಗಳನ್ನೆಲ್ಲ ನೀರಿಗೆ ಇಳಿಸಿದಳು. ಬಾಯಿನೀರು ಹಚ್ಚಿದಳು, ಗಂಟು ಬಿಚ್ಚಿದಳು. ಹಚ್ಚಿದಳು, ಬಿಚ್ಚಿದಳು. ಬಣ್ಣದ ಗಂಟು ಮರದ ಗಂಟಿಗಿಂತ ಬಿಗಿ. ಒಂದೊಂದು ಗಂಟಿಗೆ ಅವಳ ಆಯಸ್ಸಿನ ಒಂದೊಂದು ದಿನ ಹೋಯಿತು. ನೀಲಿ ಬಿಚ್ಚುವ ಬಾಯಿನೀರು ಅವಳ ಕೆಂಪನ್ನೂ ಬಿಚ್ಚತೊಡಗಿತು.

“ಎಂಜಲವ್ವಾ, ನಿನ್ನ ಕೆಂಪು ಹೋಗುತ್ತಿದೆಯಲ್ಲೇ!” ಎಂದು ಕಾಗೆ ಕೂಗಿತು. ಈ ಸಲ ಕೆಣಕುವ ದನಿ ಇರಲಿಲ್ಲ.

“ನೋಡಿದೆ” ಎಂದಳು ಅಣಬೆ. ಕೈ ಹಿಂದೆ ತೆಗೆಯಲಿಲ್ಲ.

ಹನ್ನೊಂದನೆಯ ದಿನ ಬಿಸಿಲು ಹಳ್ಳದ ತಳ ಮುಟ್ಟಿತು. ಕಲ್ಲಿನ ಸಂದಿಯಿಂದ ಏಳು ಮರಿಮೀನು ಹೊರಗೆ ಬಂದವು. ತಾಯಿಯನ್ನು ಹುಡುಕುತ್ತಾ ಅತ್ತ ಇತ್ತ ಈಜಿದವು. ಅದು ಇರಲಿಲ್ಲ.

ಅಣಬೆ ಬಣ್ಣವಿಲ್ಲದೆ, ಬೋಳಾಗಿ, ಮರದ ಮೇಲೆ ನಡುಗುತ್ತಿದ್ದಳು. ಸಂಕವ್ವ ಮನೆಗೆ ಹೋಗಿ ಹಗ್ಗದ ಮೇಲಿದ್ದ ಬಿಳಿ ಸೀರೆ ತಂದಳು. ಸೆರಗು ಹರಿದು, ನೆರಿಗೆ ಹಿಡಿದು, ಅಣಬೆಯ ತಲೆಗೆ ಹೊದಿಸಿದಳು.

“ಬಣ್ಣ ಹಾಕಿ ಕೊಡೋಣವೆಂದರೆ ನನ್ನಲ್ಲಿ ಇನ್ನು ಬಣ್ಣವಿಲ್ಲ, ತಾಯಿ. ಒಂದು ಹನಿಯೂ ಉಳಿಯಲಿಲ್ಲ ಅಲ್ಲವೇನೆ?”

ಅಣಬೆಯ ಉಸಿರು ಕುಗ್ಗುತ್ತಿತ್ತು. ಸಂಜೆ ಆಗುವಷ್ಟರಲ್ಲಿ ಅವಳ ತಲೆ ಬಾಗಿತು. ಎತ್ತಿ ನಿಲ್ಲಿಸಲು ಹೋದ ಸಂಕವ್ವನ ಉಗುರು ತಾಗಿ ಅವಳ ಕುತ್ತಿಗೆ ಗೀರಿತು.

ಗೀರಿದ ಜಾಗ ಮೆಲ್ಲಗೆ ನೀಲಿಯಾಯಿತು.

ಅದೇ ನೀಲಿ. ನಿಂಬಿಯ ಮೊಣಕೈಯ ನೀಲಿ. ಕೊನೆಯ ಒಂದೇ ಒಂದು ಗಂಟನ್ನು ಅಣಬೆ ಬಿಚ್ಚಿರಲಿಲ್ಲ. ಹಳ್ಳಕ್ಕೆ ತಾಗದ ಹಾಗೆ ತನ್ನ ಮೈಯೊಳಗೆ ಇಟ್ಟುಕೊಂಡಿದ್ದಳು. ಸಂಕವ್ವ ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದಳು. “ಎದ್ದಿತವ್ವಾ” ಎಂದು ತನ್ನಷ್ಟಕ್ಕೆ ಅಂದುಕೊಂಡಳು.

ಅವತ್ತಿನಿಂದ ಬಣ್ಣಗಳು ಮಾಸುವುದನ್ನು ಕಲಿತವು. ದೂರದ ಕಾಡಿನಲ್ಲಿದ್ದ ಅಣಬೆಯ ಕೆಲವು ದಾಯಾದಿಗಳು ಆ ದಿನ ಬರಲಿಲ್ಲ. ಅವರು ಇಂದಿಗೂ ಕೆಂಪು, ಹಳದಿ ಉಟ್ಟು ಮೆರೆಯುತ್ತಾರೆ. ಈ ಅಣಬೆಯ ಮಕ್ಕಳು ಮಾತ್ರ ಬಿಳಿ ಸೆರಗು ಹೊದ್ದು ಒಂದೆರಡು ದಿನ ಇದ್ದು ಹೋಗುತ್ತಾರೆ. ಅವರು ಹೋದರೂ ನೂಲು ಕೈಗಳು ಮಣ್ಣಿನೊಳಗೆ ಉಳಿಯುತ್ತವೆ. ನಾವು ಚೆಲ್ಲಿದ ಕೊಳೆಯ ಗಂಟುಗಳನ್ನು ಯಾರಿಗೂ ಹೇಳದೆ ಒಂದೊಂದಾಗಿ ಬಿಚ್ಚುತ್ತವೆ.

ಮಳೆ ನಿಂತ ಮೇಲೆ ಬಿದ್ದ ಮರದ ಹತ್ತಿರ ಹೋಗಿ ನೋಡು, ಮಗೂ. ಅಣಬೆಯ ಕೊಡೆಯ ಕೆಳಗೆ ಸೀರೆಯ ನೆರಿಗೆ ಕಾಣುತ್ತದೆ. ನಾನು ಹುಟ್ಟಿದ ಹಳ್ಳದ ದಂಡೆಯಲ್ಲೂ ಹಾಗೇ, ಅಷ್ಟು ದೂರದಿಂದ ಬಂದು ನಾವಿರುವ ಈ ಚಳಿಯ ಊರಿನಲ್ಲೂ ಹಾಗೇ: ಕೆಲವು ಅಣಬೆಗಳನ್ನು ಉಗುರಿನಿಂದ ಗೀರಿದರೆ ಗಾಯ ಇಂದಿಗೂ ಮೆಲ್ಲಗೆ ನೀಲಿಯಾಗುತ್ತದೆ.