ಸಾಹುಕಾರರ ಹಂಪು, ಸಾಹುಕಾರರ ಕಾರು

ಮಾರ್ಚ್ ಹನ್ನೆರಡು. ಮೋಡವಿಲ್ಲದ ಬಿಸಿಲು. ದಾವಣಗೆರೆಯ ಗಿರಣಿ ಸಾಹುಕಾರ ಗುರುಶಾಂತಪ್ಪನವರು ಹೊಸ ಕಾರಿನ ಗಾಲಿಗೆ ನಿಂಬೆಹಣ್ಣು ಇಡಿಸಿ, ಡ್ರೈವರಿಗೆ ಅಪ್ಪಣೆ ಮಾಡಿದರು: "ರೇಸ್ ಕಾರಿನಂಗೆ ನೆಲಕ್ಕೆ ತಗ್ಗಿಸಬೇಕು. ಇವತ್ತೇ ಗ್ಯಾರೇಜಿಗೆ ಬಿಡು."

ನಾಳೆ ಕಾರಿನ ತಳ ನೆಲಕ್ಕೆ ಉಜ್ಜಿದರೆ ಬೈಗುಳ ತನಗೇ ಎಂದು ಡ್ರೈವರಿಗೆ ಗೊತ್ತಿತ್ತು. "ಪುಕ್ಕಟೆ ತಗ್ಗಿಸ್ತೀನಿ ಸಾವ್ಕಾರ್ರೇ," ಎಂದವನೇ ಅವರ ಮೂವರು ದಢೂತಿ ಭಾವಮೈದುನರನ್ನು ಹಿಂದೆ ಕೂರಿಸಿದ. ಕಾರು ತಗ್ಗಿತು. ಸಾಹುಕಾರರು ಬೀಗುತ್ತ ಮುಂದೆ ಕೂತರು; ಕಾರು ಹೊರಟಿತು.

ಮನೆಯ ಬೀದಿಯಲ್ಲಿ ಅವರೇ ಹಾಕಿಸಿ, ತಮ್ಮ ಹೆಸರಿನ ಕಲ್ಲು ನೆಡಿಸಿದ್ದ, ಗಾಡಿಗಳ ವೇಗ ತಗ್ಗಿಸುವ ರಸ್ತೆಯುಬ್ಬಿನ ಹಂಪು ಬಂತು. ಡ್ರೈವರ್ ಕಾರು ನಿಲ್ಲಿಸಿದ.

"ದಾಟಿದ್ರೆ ತಳ ಉಜ್ಜುತ್ತೆ. ಹಂಪು ಒಡೆಸೋಣ್ವಾ?"

"ನನ್ನ ಹಂಪು ಒಡೆಸ್ತೀಯೇನಲೇ! ಇಳೀರಲೇ, ಮೂವರೂ!"

ಅವರು ಇಳಿದರು. ಕಾರು ಮೇಲೆದ್ದು ಸಲೀಸಾಗಿ ದಾಟಿತು.

"ನೋಡ್ದೇನು? ನನ್ನ ಕಾರು ತಲೆ ಎತ್ತಿಕೊಂಡೇ ಹೋಗೋದು!"

ತಗ್ಗಿಸಿ ಎತ್ತಿದ್ದಕ್ಕೆ ಸಾಹುಕಾರರು ಕೊಟ್ಟದ್ದು ನಾಲ್ಕು ಬೆಣ್ಣೆದೋಸೆಯ ದುಡ್ಡು. ಮೂರು, ಮುನಿಸಿಕೊಂಡ ಭಾವಮೈದುನರಿಗೆ. ನಾಲ್ಕನೆಯದು ಡ್ರೈವರಿಗೆ.