ಕಿರುಬೆರಳಿನಷ್ಟು ಬಾಯಿ

"ಕೇಳಿರಪ್ಪೋ ಕೇಳಿ! ಕಗ್ಗುಂದದ ಅರಸುಕುಮಾರಿ ಮುದ್ದವ್ವೆ ಮೂರು ಒಗಟು ಕೇಳುತ್ತಾಳೆ. ಬಿಡಿಸಿದವನನ್ನು ಮದುವೆಯಾಗುತ್ತಾಳೆ. ತಪ್ಪಿದವನ ತಲೆ ಅಮಾವಾಸ್ಯೆಗೆ ಹಾರುತ್ತದೆ!"

ಈ ಡಂಗುರದಲ್ಲಿ ಮದುವೆಯ ಮಾತು ಮಗಳದು, ತಲೆಯ ಮಾತು ಅಪ್ಪನದು. ಒಗಟುಗಳು ತೀರಿಹೋದ ರಾಣಿ ಕಾಳವ್ವೆಯವು. ಮಗಳ ತಲೆ ಬಾಚುತ್ತ ಹೇಳಿದ್ದಳು, ಉತ್ತರ ತಿಳಿಸುವ ಮೊದಲೇ ಕಣ್ಣು ಮುಚ್ಚಿದಳು. ಉತ್ತರ ಬಲ್ಲವನು ಅರಸನೊಬ್ಬನೇ. ಅವನೋ, ಹೆಂಡತಿ ಹೋದ ದಿನದಿಂದ ಅವಳ ಹೆಸರನ್ನೇ ಎತ್ತಿದವನಲ್ಲ. ಅಮ್ಮನ ಮಾತು ಬಲ್ಲವರು ಯಾರಾದರೂ ಸಿಗಲಿ ಎಂದು ಮಗಳು ಹಂಬಲಿಸಿದಳು. ಆ ಮಾತನ್ನು ಕಂಡಕಂಡವರು ಮುಟ್ಟಬಾರದೆಂದು ಅರಸ ತಲೆದಂಡ ಸೇರಿಸಿದ.

ಮೊದಲು ಬಂದವನು ಪಾಳೆಗಾರನ ಮಗ.

"ಮರದಲ್ಲಿ ಹುಟ್ಟಿದ್ದು, ಬೆಂಕಿ ಹಾದು ಬಂದರೂ ಬೂದಿಯಾಗದ್ದು, ಮಣ್ಣಿಗೆ ಹೋದರೂ ಕೊಳೆಯದ್ದು. ಏನದು?" ಎಂದಳು ಮುದ್ದವ್ವೆ.

"ಬಂಗಾರ!" ಎಂದು ಮೀಸೆ ತಿರುವಿದ. ಬಂಗಾರ ಯಾವ ಮರದಲ್ಲಿ ಬಿಡುತ್ತದೋ ಅವನೇ ಬಲ್ಲ. ನೇರ ಸೆರೆಮನೆ ಸೇರಿದ.

ಎರಡನೆಯವನು ಪಂಡಿತ. ಅದೇ ಒಗಟಿಗೆ "ಇದ್ದಲು" ಎಂದ. ಅರಸ ಒಲ್ಲದ ಮನಸ್ಸಿನಿಂದ ಹೌದೆಂದು ತಲೆಯಾಡಿಸಿದ. ಮುದ್ದವ್ವೆ ಅಂಗಳ ತೋರಿಸಿದಳು. ಅಲ್ಲಿ ಅಮ್ಮ ಒಗಟಿನಲ್ಲಿ ಹೆಸರಿಸಿದ್ದ ತಾಮ್ರದ ಕೊಪ್ಪರಿಗೆ, ಕಬ್ಬಿಣದ ಪೆಟ್ಟಿಗೆ, ಮುಚ್ಚಳವಿದ್ದ ಹಳೆಯ ಮಡಕೆ ಇದ್ದವು.

"ಅದನ್ನು ಹೆರುವ ಒಡಲು ಇವುಗಳಲ್ಲಿ ಯಾವುದು? ಅದಕ್ಕೆ ಎಷ್ಟು ಬಾಯಿ ಬೇಕು?"

"ಪೆಟ್ಟಿಗೆ. ಬಾಯಿಯೇ ಬೇಡ!" ಎಂದ ಪಂಡಿತ. ಪೆಟ್ಟಿಗೆಗೆ ಕಟ್ಟಿಗೆ ತುಂಬಿ, ಬೀಗ ಜಡಿದು, ಸುತ್ತ ಬೆಂಕಿ ಹಾಕಿದರು. ಸ್ವಲ್ಪ ಹೊತ್ತಿಗೆ ಢಂ! ಮುಚ್ಚಳ ಹಾರಿ ಅಡುಗೆಮನೆಯ ಹೆಂಚು ಪುಡಿಯಾಯಿತು. ಪಂಡಿತನೂ ಸೆರೆಮನೆ ಸೇರಿದ.

ಅಡುಗೆಮನೆಯ ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅರಮನೆಗೆ ಇದ್ದಲು ಸುಟ್ಟು ಹೊತ್ತು ತಂದಿದ್ದ ಚೆಲುವ. ಹೆಸರು ಚೆಲುವ, ಮುಖ ಮಾತ್ರ ಬಾಣಲೆಯ ತಳ. ಕಾವಲುಗಾರರು ದರದರ ಎಳೆದು ತಂದರು.

"ನಕ್ಕೆಯಲ್ಲ, ನೀನೇ ಬಿಡಿಸು. ತಪ್ಪಿದರೆ ನಿನ್ನ ತಲೆಯೂ ಹೋಗುತ್ತದೆ," ಎಂದ ಅರಸ.

ಚೆಲುವ ಮುಂದೆ ಬಂದ. ಮೊದಲ ಒಗಟಿಗೆ ಬೆನ್ನಿನ ಇದ್ದಲ ಮೂಟೆ ಇಳಿಸಿದ, ಅಷ್ಟೇ. ಎರಡನೆಯದಕ್ಕೆ ಹಳೆಯ ಮಡಕೆಯ ಮುಂದೆ ಕುಳಿತ.

"ಅಮ್ಮಣ್ಣೀ, ಕೊಪ್ಪರಿಗೆಗೆ ಮೈಯೆಲ್ಲ ಬಾಯಿ, ಕಟ್ಟಿಗೆ ಉರಿದು ಬೂದಿಯಾಗುತ್ತೆ. ಪೆಟ್ಟಿಗೆಗೆ ಬಾಯೇ ಇಲ್ಲ, ಹೊಗೆ ಒಳಗೇ ತುಂಬಿ ಸಿಡಿಯುತ್ತೆ. ದೊಡ್ಡ ದಿಮ್ಮಿಯಾದರೆ ಗುಂಡಿ ತೋಡ್ತೀವಿ. ಕೈಗೆ ಸಿಕ್ಕ ಕಡ್ಡಿಪುಳ್ಳೆಗೆ ಈ ಮಡಕೆಯೇ ಸಾಕು. ಮುಚ್ಚಳದಲ್ಲಿ ನೋಡಿ, ಕಿರುಬೆರಳಿನಷ್ಟು ತೂತು. ಹೊಗೆ ಹೊರಗೆ ಬರುತ್ತೆ, ಗಾಳಿ ಒಳಗೆ ನುಗ್ಗೋದಿಲ್ಲ."

ಕಡ್ಡಿ ತುಂಬಿ, ಮುಚ್ಚಳದ ಸುತ್ತ ಹಸಿಮಣ್ಣು ಮೆತ್ತಿ, ಮಡಕೆಯ ಕೆಳಗೆ ಬೆಂಕಿ ಇಟ್ಟ. ಹೊಗೆ ನಿಂತ ಮೇಲೆ ತೂತಿಗೂ ಮಣ್ಣು ಹಚ್ಚಿದ. ಆರಿದ ಮೇಲೆ ತೆಗೆದರೆ ಗಲಗಲ ಎನ್ನುವ ಇದ್ದಲು! ಮುದ್ದವ್ವೆ ಆ ತೂತಿನಲ್ಲಿ ಕಿರುಬೆರಳಿಟ್ಟು ನೋಡಿದಳು. ಅದು ಅವಳ ಅಮ್ಮನ ಮಡಕೆ. ಚಿಕ್ಕಂದಿನಲ್ಲೂ ಹೀಗೇ ಬೆರಳಿಡುತ್ತಿದ್ದಳು.

"ಮೂರನೆಯದು. ಅದು ಮಣ್ಣಿನ ಮನೆಗೆ ಹೊರಟಾಗ..." ಎಂದವಳು ತಡವರಿಸಿದಳು. "ಚೆಲುವಾ, ಮುಂದಿನದು ನನಗೆ ಗೊತ್ತಿಲ್ಲ. ಅಮ್ಮ ಅಷ್ಟೇ ಹೇಳಿದ್ದು. ಉಳಿದದ್ದು ಬಲ್ಲವರು ಸಿಗಲಿ ಅಂತಲೇ ಡಂಗುರ ಹೊಡೆಸಿದ್ದು."

ಅರ್ಧ ಒಗಟಿಗೆ ಯಾರು ಉತ್ತರ ಹೇಳಿಯಾರು? ಚೆಲುವ ಕತ್ತು ಮುಟ್ಟಿಕೊಂಡ. ಮುದ್ದವ್ವೆ ಅಪ್ಪನ ಕಡೆ ತಿರುಗಿದಳು. "ಅಪ್ಪಾಜಿ, ನೀವು ಬಾಯಿ ಬಿಡದಿದ್ದರೆ ಈ ಬಡಪಾಯಿ ಸಾಯ್ತಾನೆ."

ಅರಸ ಇಳಿದು ಬಂದು ಮಡಕೆಯ ಮುಚ್ಚಳ ಮುಟ್ಟಿದ. ಒಗಟಿನ ಉಳಿದರ್ಧವನ್ನು ತಾನೇ ಹೇಳಿದ. "ಬರಿಗೈಯಲ್ಲಿ ಹೋದರೆ ಆ ಮನೆಯ ಅನ್ನವನ್ನೇ ಕಸಿದು ಉಣ್ಣುತ್ತದೆ. ಏನು ಮಾಡಿ ಕಳಿಸಬೇಕು?"

ಚೆಲುವನ ಮುಖ ಅರಳಿತು. "ಮಡಿಲು ತುಂಬಿ ಕಳಿಸಬೇಕು, ಒಡೆಯಾ! ಬರೀ ಇದ್ದಲು ಹೊಲಕ್ಕೆ ಹಾಕಿದರೆ ಪೈರಿನ ಸತ್ವ ಹೀರುತ್ತೆ. ಸಗಣಿ, ಗಂಜಲದಲ್ಲಿ ಹದಿನೈದು ದಿನ ನೆನೆಸಿ ಕಳಿಸಿದರೆ ಪೈರಿಗೇ ಉಣಿಸುತ್ತೆ. ನಮ್ಮಲ್ಲಿ ಅದಕ್ಕೂ ಮಡಿಲು ತುಂಬೋದು ಅಂತೀವಿ."

ಅರಸನ ಕಣ್ಣು ತುಂಬಿದವು. "ಮಗಳೇ, ನಿಮ್ಮಮ್ಮ ಇದ್ದಲು ಸುಡುವವರ ಮಗಳು. ನಾನು ಮಡಿಲು ತುಂಬಲೂ ಬಿಡದೆ ಕುದುರೆ ಹತ್ತಿಸಿ ತಂದುಬಿಟ್ಟೆ. ಅವಳು ತವರಿನ ಮಾತು ಎತ್ತಿದರೂ ಗದರುತ್ತಿದ್ದೆ."

ಆಮೇಲೆ ಚೆಲುವನನ್ನು ಕೇಳಿದ, "ಗೆದ್ದೆ. ಇನ್ನೇನು ಬೇಕು?"

"ಸೆರೆಯಲ್ಲಿರೋ ಇಬ್ಬರ ತಲೆ ಉಳಿಸಿ, ಒಡೆಯಾ. ಅಮ್ಮಣ್ಣಿಗೆ ಇಷ್ಟವಿಲ್ಲದಿದ್ದರೆ ಮದುವೆ ಬೇಡ, ಈ ಮಡಕೆ ಕೊಟ್ಟರೆ ಸಾಕು."

"ಮಡಕೆ ಕೊಡೋದಿಲ್ಲ," ಎಂದಳು ಮುದ್ದವ್ವೆ. "ನನ್ನ ಜೊತೆಗೇ ಬರುತ್ತೆ."

ಮದುವೆ ಮುಗಿದು ಹೊರಟಾಗ ಅರಸ ಹೆಂಗಸರನ್ನು ಸರಿಸಿ ತಾನೇ ಮುಂದೆ ಬಂದ. ಮಗಳ ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿದ, ಕೊನೆಗೆ ಒಂದು ಹಿಡಿ ಇದ್ದಲು.

"ಕಾಳವ್ವೆ," ಎಂದ, ಎಲ್ಲರಿಗೂ ಕೇಳುವಂತೆ. "ನೋಡೇ, ಮಗಳನ್ನು ಬರಿಮಡಿಲಲ್ಲಿ ಕಳಿಸುತ್ತಿಲ್ಲ."